ಮೋಟಾರ್ ಎತ್ತುವ ಮೊದಲು ಸ್ಟಾರ್ಟರ್ ನೋಡಿ

ಸುಟ್ಟ ಮೋಟಾರಿನ ಹೊಟ್ಟೆ ಬಿಚ್ಚಿದರೆ ಅದು ಯಾಕೆ ಸುಟ್ಟಿತು ಎಂಬುದು ಅಲ್ಲೇ ಗೊತ್ತಾಗುತ್ತದೆ. ರಿವೈಂಡಿಂಗ್ ಅಂಗಡಿಯ ಅನುಭವಿ ಮೆಕ್ಯಾನಿಕ್ ಸ್ಟೇಟರ್ ತುದಿಯಲ್ಲಿ ಕಾಣುವ ತಾಮ್ರದ ಸುರುಳಿಗಳನ್ನು ಮೊದಲು ಒಂದು ಸುತ್ತು ನೋಡುತ್ತಾನೆ. ಎಲ್ಲ ಸುರುಳಿಗಳೂ ಒಂದೇ ಸಮ ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿತ್ತು ಅಥವಾ ವೋಲ್ಟೇಜ್ ಕುಸಿದಿತ್ತು, ತಡೆಯಬೇಕಾದ ರಿಲೇ ತಡೆಯಲಿಲ್ಲ ಎಂದು ಅರ್ಥ. ಒಂದಷ್ಟು ಸುರುಳಿ ಕರಕಲಾಗಿ, ನಡುನಡುವೆ ಒಂದಷ್ಟು ಹೊಸದರಂತೆ ಹೊಳೆಯುತ್ತಿದ್ದರೆ ಅದು ಸಿಂಗಲ್ ಫೇಸಿಂಗ್. ಮೂರು ಫೇಸಿನಲ್ಲಿ ಒಂದು ಹೋದ ಮೇಲೂ ಉಳಿದೆರಡರ ಮೇಲೆ ಮೋಟಾರ್ ಓಡಿದೆ. ಸ್ಟಾರ್ ಜೋಡಣೆಯ ಮೋಟಾರಾದರೆ ಎರಡು ಫೇಸಿನ ಸುರುಳಿ ಸುಟ್ಟು ಒಂದು ಉಳಿಯುತ್ತದೆ. ಡೆಲ್ಟಾ ಆದರೆ ಒಂದು ಸುಟ್ಟು ಎರಡು ಉಳಿಯುತ್ತವೆ. ಸಾಮಾನ್ಯವಾಗಿ ತೋಟದ ಮಾಲೀಕನ ಕಿವಿಗೆ ಬೀಳುವುದು 'ಕಾಯಿಲ್ ಸುಟ್ಟಿದೆ' ಎಂಬ ಮಾತು ಮತ್ತು ಬಿಲ್ಲಿನ ಮೊತ್ತ ಮಾತ್ರ. ಕಾರಣ ಗೊತ್ತಾಗದೆ ಮೋಟಾರ್ ವಾಪಸ್ ಬಾವಿಗೆ ಇಳಿಯುತ್ತದೆ, ಅದೇ ಕಾರಣಕ್ಕೆ ಮತ್ತೆ ಸುಡುತ್ತದೆ.

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಹೋಬಳಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಭದ್ರಾ ಕಾಲುವೆ, ಅತ್ತ ಸೂಳೆಕೆರೆ, ಗದ್ದೆಯಲ್ಲಿ ಭತ್ತ. ಇವೆಲ್ಲ ಇದ್ದರೂ ಅಡಿಕೆ ತೋಟ ಹಬ್ಬಿದಂತೆಲ್ಲ ಜೀವ ನಿಂತಿರುವುದು ಕೊಳವೆಬಾವಿಯ ಮೇಲೆ. ಫೆಬ್ರವರಿಯಿಂದ ಮುಂಗಾರಿನವರೆಗೆ ನೀರು ತಪ್ಪಿದರೆ ಅಡಿಕೆ ಮರ ಆ ವರ್ಷದ ಫಸಲನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಸುಳಿ ಬಾಡಿದ ಮರ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. 2024ರ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ಬೆಳೆಗಾರರು ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡಿದ್ದನ್ನು ರಾಜ್ಯವೇ ನೋಡಿದೆ. ಅಂಥ ದಿನಗಳಲ್ಲಿ ಮೋಟಾರ್ ನಿಂತಿತೆಂದರೆ ಮನೆಯವರಿಗೆ ಊಟ ಸೇರುವುದಿಲ್ಲ.

ಆ ಗಾಬರಿಯಲ್ಲಿ ಹೊರಡುವ ಮೊದಲ ತೀರ್ಮಾನ 'ಮೋಟಾರ್ ಎತ್ತಿಸೋಣ' ಎಂಬುದು. ಮೋಟಾರ್ 500 ಅಡಿಗೆ ಇಳಿದಿದ್ದರೆ, 20 ಅಡಿಯ ಕಬ್ಬಿಣದ ಪೈಪು 25. ಒಂದೊಂದನ್ನೂ ಕ್ಲಾಂಪ್ ಹಾಕಿ ಹಿಡಿದು, ತಿರುಗಿಸಿ ಬಿಚ್ಚಿ, ಕೇಬಲ್ ಸುತ್ತಿ ಇಡಬೇಕು. ಗಾಡಿ ಬಾಡಿಗೆ, ಆಳುಗಳ ಕೂಲಿ, ಒಂದಿಡೀ ದಿನ. ಎಲ್ಲ ಆದ ಮೇಲೆ ಮೋಟಾರ್ ಚೆನ್ನಾಗಿಯೇ ಇದೆ, ತೊಂದರೆ ಮೇಲಿನ ಡಬ್ಬಿಯಲ್ಲೇ ಇತ್ತು ಎಂದು ತಿಳಿದರೆ ಯಾರನ್ನು ಕೇಳುವುದು? ಆದ್ದರಿಂದ ಹುಡುಕಾಟ ಮೇಲಿನಿಂದ ಕೆಳಕ್ಕೆ ಸಾಗಬೇಕು: ಮೊದಲು ಕಂಬದಿಂದ ಬರುವ ಕರೆಂಟ್, ಆಮೇಲೆ ಸ್ಟಾರ್ಟರ್, ಆಮೇಲೆ ಕೇಬಲ್, ಕೊನೆಗೆ ಮೋಟಾರ್.

ಪಂಪ್‌ಮನೆಯ ಹಲಗೆಯ ಮೇಲೆ ಸಾಲಾಗಿ ಮೂರು ಬಲ್ಬ್ ಹಾಕುವುದು ನಮ್ಮ ಕಡೆಯ ಹಳೆಯ ರೂಢಿ. ಒಂದೊಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಒಂದೊಂದು ಬಲ್ಬ್. ಇದಕ್ಕಿಂತ ಅಗ್ಗದ, ಇದಕ್ಕಿಂತ ಪ್ರಾಮಾಣಿಕವಾದ ಉಪಕರಣ ಸಿಗುವುದು ಕಷ್ಟ. ಮೂರೂ ಸಮನಾಗಿ ಉರಿದರೆ ಸರಿ. ಎರಡು ಚೆನ್ನಾಗಿ ಉರಿದು ಒಂದು ಪೂರ್ತಿ ಆರಿದ್ದರೆ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಫ್ಯೂಸ್ ಹೋಗಿರಬಹುದು, ಇಲ್ಲವೇ ಬರುವ ದಾರಿಯಲ್ಲಿ ಒಂದು ತಂತಿ ತುಂಡಾಗಿರಬಹುದು. ಒಂದು ಚೆನ್ನಾಗಿ ಉರಿದು ಎರಡು ಮಂಕಾಗಿದ್ದರೆ ಕತೆ ಬೇರೆ. ತೊಂದರೆ ಟಿಸಿಯ ಮೇಲ್ಭಾಗದ 11 ಸಾವಿರ ವೋಲ್ಟಿನ ಕಡೆಯದು. ಅಲ್ಲಿ ಒಂದು ಫ್ಯೂಸ್ ಹಾರಿದರೆ ಅಥವಾ ಜಂಪರ್ ಕಳಚಿದರೆ, ಟಿಸಿಯೊಳಗಿನ ಡೆಲ್ಟಾ ಸುರುಳಿಗಳಲ್ಲಿ ಒಂದಕ್ಕೆ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಉಳಿದೆರಡು ಅದೇ ವೋಲ್ಟೇಜನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ಹಾಗಾಗಿ ಕೆಳಗೆ ಒಂದು ಬಲ್ಬಿಗೆ 240 ವೋಲ್ಟ್, ಉಳಿದ ಎರಡಕ್ಕೆ ಸುಮಾರು 120. ಮೀಟರ್ ಹಿಡಿದು ಆ ಎರಡು ಮಂಕು ಫೇಸುಗಳ ನಡುವೆ ಅಳೆದರೆ ಸೊನ್ನೆಗೆ ಹತ್ತಿರದ ಅಂಕಿ ಕಾಣುತ್ತದೆ. ಮನೆ ದೀಪಕ್ಕೆಂದು ಸಿಂಗಲ್ ಫೇಸ್ ಕೊಡುವ ಹೊತ್ತಿನಲ್ಲೂ ಬಲ್ಬುಗಳು ಹೀಗೆ ಉರಿಯಬಹುದು. ಅದು ದೋಷವಲ್ಲ, ಸರದಿಯ ವೇಳಾಪಟ್ಟಿ.

ಈ ವ್ಯತ್ಯಾಸ ಗೊತ್ತಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿದಾಗ ಅಥವಾ ಲೈನ್‌ಮನ್‌ಗೆ ಹೇಳುವಾಗ 'ಕರೆಂಟ್ ಸರಿಯಿಲ್ಲ' ಎನ್ನುವ ಬದಲು 'ಎರಡು ಬಲ್ಬ್ ಮಂಕು, ಮೇಲಿನ ಫ್ಯೂಸ್ ನೋಡಿ' ಎನ್ನಬಹುದು. ಲೈನ್‌ಮನ್ ಬೇಕಾದ ಸಾಮಾನಿನೊಂದಿಗೇ ಬರುತ್ತಾನೆ. ಕಂಬ ಹತ್ತುವುದು, ಟಿಸಿ ಫ್ಯೂಸ್ ಮುಟ್ಟುವುದು ಮಾತ್ರ ಅವನ ಕೆಲಸ. ಬೇಸಿಗೆಯ ಆತುರದಲ್ಲಿ ಉದ್ದನೆಯ ಕೋಲಿಗೆ ತಂತಿ ಕಟ್ಟಿಕೊಂಡು ಟಿಸಿ ಹತ್ತಿರ ಹೋದವರಲ್ಲಿ ತಿರುಗಿ ಮನೆಗೆ ಬರದವರಿದ್ದಾರೆ.

ಈ ಬಲ್ಬ್ ಪರೀಕ್ಷೆಯಲ್ಲೊಂದು ಮೋಸವಿದೆ. ಮೋಟಾರ್ ಓಡುತ್ತಿರುವಾಗಲೇ ಒಂದು ಫೇಸ್ ಹೋದರೆ, ತಿರುಗುವ ಮೋಟಾರ್ ತಾನೇ ಆ ಸತ್ತ ತಂತಿಗೆ ವೋಲ್ಟೇಜ್ ಹುಟ್ಟಿಸಿ ಕೊಡುತ್ತದೆ. ಬಲ್ಬ್ ಉರಿಯುತ್ತಲೇ ಇರುತ್ತದೆ, ಸ್ವಲ್ಪ ಮಂಕಾದರೂ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಟೆಸ್ಟರಂತೂ ಯಾವ ಅನುಮಾನವೂ ಇಲ್ಲದೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಫೇಸ್ ಪರೀಕ್ಷೆ ಮಾಡುವುದಾದರೆ ಮೋಟಾರ್ ನಿಲ್ಲಿಸಿ ಮಾಡಬೇಕು. ಟೆಸ್ಟರ್ 'ಇದೆ' ಎನ್ನುತ್ತದೆಯೇ ಹೊರತು ಎಷ್ಟಿದೆ ಎಂದು ಹೇಳುವುದಿಲ್ಲ. ಒಂದು ಸಾಧಾರಣ ಮಲ್ಟಿಮೀಟರ್ ಪಂಪ್‌ಮನೆಯಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಎರಡು ಸಮನಾದ ಬಲ್ಬುಗಳನ್ನು ಸಾಲಾಗಿ ಜೋಡಿಸಿದ ಟೆಸ್ಟ್ ಲ್ಯಾಂಪ್. ಒಂದೇ ಬಲ್ಬನ್ನು ಎರಡು ಫೇಸಿನ ನಡುವೆ ಹಿಡಿದರೆ 415 ವೋಲ್ಟಿಗೆ ಅದು ಮುಖಕ್ಕೇ ಸಿಡಿಯುತ್ತದೆ.

ಮೂರು ಫೇಸೂ ಸರಿಯಿದೆ, ಆದರೂ ಮೋಟಾರ್ ಎದ್ದೇಳುತ್ತಿಲ್ಲ ಎಂದಾಗ ಸ್ಟಾರ್ಟರ್ ಮುಚ್ಚಳ ತೆಗೆಯುವ ಸರದಿ. ಎಂಕೆ ಒನ್ ಎಂದೇ ಹಳ್ಳಿಗಳಲ್ಲಿ ಹೆಸರಾದ ಡೈರೆಕ್ಟ್ ಸ್ಟಾರ್ಟರನ್ನೇ ನೋಡೋಣ. ಅದರೊಳಗೆ ಕಂಪ್ಯೂಟರ್ ಚಿಪ್ಪಿಲ್ಲ. ಒಂದು ಕಾಯಿಲ್, ಅದು ಸೆಳೆದಾಗ ಕೂಡಿಕೊಳ್ಳುವ ಮೂರು ಜೋಡಿ ಕಾಂಟ್ಯಾಕ್ಟ್, ಪಕ್ಕದಲ್ಲಿ ಒಂದು ಚಿಕ್ಕ ಹೋಲ್ಡಿಂಗ್ ಕಾಂಟ್ಯಾಕ್ಟ್, ಕೆಳಗೆ ಓವರ್‌ಲೋಡ್ ರಿಲೇ, ಹಸಿರು ಮತ್ತು ಕೆಂಪು ಗುಂಡಿ. ಇಷ್ಟೇ. ಕಾಯಿಲಿಗೆ ಕರೆಂಟ್ ಹೋಗುವ ದಾರಿ ಒಂದೇ ಎಳೆಯದು: ಒಂದು ಫೇಸಿನಿಂದ ಹೊರಟು ಕೆಂಪು ಗುಂಡಿ ದಾಟಿ, ಹಸಿರು ಗುಂಡಿ ದಾಟಿ, ಕಾಯಿಲ್ ಸುತ್ತಿ, ಓವರ್‌ಲೋಡ್ ರಿಲೇಯ ಪುಟ್ಟ ಸ್ವಿಚ್ಚಿನ ಮೂಲಕ ಇನ್ನೊಂದು ಫೇಸಿಗೆ. ಈ ಎಳೆ ಎಲ್ಲಿ ಕಡಿದಿದೆ ಎಂದು ಕಂಡುಹಿಡಿಯುವುದೇ ರಿಪೇರಿಯ ಮುಕ್ಕಾಲು ಭಾಗ.

ಗುಂಡಿಯೇ ಅರ್ಧ ಉತ್ತರ ಹೇಳುತ್ತದೆ. ಹಸಿರು ಒತ್ತಿದಾಗ ಮೋಟಾರ್ ಎದ್ದು, ಬೆರಳು ತೆಗೆದ ಕೂಡಲೇ ನಿಂತರೆ ಕಾಯಿಲ್ ಚೆನ್ನಾಗಿದೆ, ರಿಲೇ ಚೆನ್ನಾಗಿದೆ, ಕೆಟ್ಟಿರುವುದು ಹೋಲ್ಡಿಂಗ್ ಕಾಂಟ್ಯಾಕ್ಟ್ ಅಥವಾ ಅದರ ತಂತಿ. ಒತ್ತಿದರೆ ಏನೂ ಸದ್ದಿಲ್ಲದಿದ್ದರೆ ಮೊದಲು ರೀಸೆಟ್ ಒತ್ತಿ ನೋಡಬೇಕು. ಬಿಸಿಗೆ ಬಾಗಿದ ರಿಲೇಯ ಲೋಹದ ಪಟ್ಟಿ ತಣ್ಣಗಾಗಲು ಕೆಲವು ನಿಮಿಷ ಬೇಕು, ಕೂಡಲೇ ಒತ್ತಿದರೆ ಕೂರುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಮೇನ್ ಇಳಿಸಿ, ಮೂರು ಫ್ಯೂಸ್ ಗ್ರಿಪ್‌ಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಮೀಟರನ್ನು ಓಮ್‌ಗೆ ತಿರುಗಿಸಿ ಆ ಎಳೆಯನ್ನು ತುಂಡುತುಂಡಾಗಿ ಅಳೆಯಬೇಕು. ಕೆಂಪು ಗುಂಡಿ ಒತ್ತದಿದ್ದಾಗ ಸೊನ್ನೆ ತೋರಿಸಬೇಕು. ರಿಲೇಯ ಸ್ವಿಚ್ ಸೊನ್ನೆ ತೋರಿಸಬೇಕು. ಕಾಯಿಲ್ ಒಂದಿಷ್ಟು ಓಮ್ ತೋರಿಸಬೇಕು, ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಫ್ಯೂಸ್ ಗ್ರಿಪ್ ಜೇಬಿನಲ್ಲಿರಬೇಕು ಎಂಬುದಕ್ಕೆ ಕಾರಣವಿದೆ. ಸ್ಟಾರ್ಟರ್ ಬಿಚ್ಚಿಕೊಂಡು ಕೂತವನನ್ನು ಗಮನಿಸದೆ ಮನೆಯವರೇ ಬಂದು ಮೇನ್ ಏರಿಸಿಬಿಡಬಹುದು.

ಕಾಯಿಲ್ ಯಾಕೆ ಸುಡುತ್ತದೆ ಎಂಬುದು ಮೋಟಾರ್ ಸುಡುವುದಕ್ಕಿಂತ ಕುತೂಹಲದ ವಿಷಯ. ಕಾಯಿಲ್, ಕಾಂಟ್ಯಾಕ್ಟ್ ಸೇರಿದ ಕಾಂಟ್ಯಾಕ್ಟರ್ ತೆರೆದಿರುವಾಗ ಕಬ್ಬಿಣದ ಎರಡು ತುಂಡುಗಳ ನಡುವೆ ಗಾಳಿಯ ಸಂದು ಇರುತ್ತದೆ. ಆಗ ಕಾಯಿಲ್ ಬಹಳ ಕರೆಂಟ್ ಎಳೆಯುತ್ತದೆ. ಎರಡೂ ಕೂಡಿಕೊಂಡ ಕ್ಷಣ ಅದು ಸಣ್ಣ ಪ್ರಮಾಣಕ್ಕೆ ಇಳಿಯುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯಬೇಕಾದ ಕೆಲಸ. ಆ ಸಂದಿನಲ್ಲಿ ಒಂದು ಹಲ್ಲಿ ಸಿಕ್ಕಿಕೊಂಡರೆ, ಇರುವೆಗಳು ಮಣ್ಣು ತುಂಬಿದ್ದರೆ, ವೋಲ್ಟೇಜ್ ಕಡಿಮೆಯಿದ್ದು ಸೆಳೆತ ಸಾಲದಿದ್ದರೆ ಕಬ್ಬಿಣ ಪೂರ್ತಿ ಕೂಡುವುದಿಲ್ಲ. ಕಾಯಿಲ್ ಆ ಹೆಚ್ಚಿನ ಕರೆಂಟನ್ನೇ ಎಳೆಯುತ್ತ ಹೋಗಿ ಕೆಲವೇ ಹೊತ್ತಿನಲ್ಲಿ ಕಮರು ವಾಸನೆ ಬಿಡುತ್ತದೆ. ತೋಟದ ಪಂಪ್‌ಮನೆಗಳಲ್ಲಿ ಸತ್ತ ಹಲ್ಲಿ ಸಿಗುವುದು ಎಲ್ಲ ಮೆಕ್ಯಾನಿಕ್‌ಗಳ ಅನುಭವ. ಕೇಬಲ್ ಒಳಬರುವ ತೂತಿಗೆ ರಬ್ಬರ್ ಗ್ರಾಮೆಟ್ ಹಾಕದೆ ಹಾಗೇ ಬಿಟ್ಟದ್ದೇ ಅದಕ್ಕೆ ದಾರಿ.

ಸ್ಟಾರ್ಟರ್ ಜೋರಾಗಿ ಗುಂಯ್‌ಗುಟ್ಟುತ್ತಿದ್ದರೆ ಅದೂ ಇದೇ ಜಾತಿಯ ಸೂಚನೆ. ಕಬ್ಬಿಣದ ಮುಖಗಳ ಮೇಲೆ ತುಕ್ಕು ಅಥವಾ ಧೂಳು ಕೂತಿರಬಹುದು. ಇಲ್ಲವೇ ಆ ಮುಖದಲ್ಲಿ ಕೂರಿಸಿರುವ ತಾಮ್ರದ ಪುಟ್ಟ ಉಂಗುರ ಬಿರುಕು ಬಿಟ್ಟಿರಬಹುದು. ನಮ್ಮ ಕರೆಂಟ್ ಸೆಕೆಂಡಿಗೆ 50 ಬಾರಿ ಸುತ್ತು ಹೊಡೆಯುವಂಥದ್ದು, ಪ್ರತಿ ಸುತ್ತಿನಲ್ಲೂ ಎರಡು ಸಲ ಸೊನ್ನೆ ಮುಟ್ಟುತ್ತದೆ. ಆ ಕ್ಷಣಗಳಲ್ಲಿ ಹಿಡಿತ ಸಡಿಲವಾಗದಂತೆ ಕಾಯುವುದು ಆ ಉಂಗುರದ ಕೆಲಸ. ಅದು ತುಂಡಾದರೆ ಕಾಂಟ್ಯಾಕ್ಟರ್ ಸೆಕೆಂಡಿಗೆ 100 ಸಲ ಅದುರುತ್ತದೆ, ಕಾಂಟ್ಯಾಕ್ಟಿನ ಬೆಳ್ಳಿ ಕಿಡಿಗೆ ಕರಗುತ್ತದೆ. ಬೆಳ್ಳಿ ಕಪ್ಪಾದ ಮಾತ್ರಕ್ಕೆ ಅರ ಹಿಡಿದು ಉಜ್ಜಬಾರದು. ಕಪ್ಪಾದ ಬೆಳ್ಳಿಯ ಮೂಲಕವೂ ಕರೆಂಟ್ ಹರಿಯುತ್ತದೆ, ಉಜ್ಜಿದಷ್ಟೂ ಆಯುಸ್ಸು ಕಡಿಮೆ. ಗುಳಿ ಬಿದ್ದು ತೆಳುವಾಗಿದ್ದರೆ ಮೂರೂ ಜೋಡಿಯನ್ನು ಸ್ಪ್ರಿಂಗ್ ಸಮೇತ ಒಟ್ಟಿಗೇ ಬದಲಿಸಬೇಕು. ಒಂದನ್ನಷ್ಟೇ ಬದಲಿಸಿದರೆ ಉಳಿದವು ಸರಿಯಾಗಿ ಕೂರದೆ, ಸ್ಟಾರ್ಟರೊಳಗೇ ಒಂದು ಫೇಸ್ ಕಾಣೆಯಾಗುತ್ತದೆ.

ಹಳೆಯ ವಿದ್ಯುತ್ ಯಂತ್ರ ರಿಪೇರಿ ಮಾಡುವವರ ಲೋಕ ವಿಚಿತ್ರ ರೀತಿಯಲ್ಲಿ ಒಂದೇ. ಅಮೆರಿಕದ ಶಿಕಾಗೋದಲ್ಲಿ ಗಾಟ್‌ಲೀಬ್, ಬ್ಯಾಲಿ, ವಿಲಿಯಮ್ಸ್ ಕಂಪನಿಗಳು ತಯಾರಿಸುತ್ತಿದ್ದ ಪಿನ್‌ಬಾಲ್ ಆಟದ ಪೆಟ್ಟಿಗೆಗಳು 1970ರ ದಶಕದ ಕೊನೆಯ ಹೊತ್ತಿಗೆ ಎಲೆಕ್ಟ್ರಾನಿಕ್ ಆಗುವವರೆಗೂ ಇಂಥವೇ ಕಾಯಿಲ್, ರಿಲೇ, ಕಾಂಟ್ಯಾಕ್ಟುಗಳ ಮೇಲೆ ನಡೆಯುತ್ತಿದ್ದವು. 1947ರಲ್ಲಿ ಗಾಟ್‌ಲೀಬ್‌ನ ಹಂಪ್ಟಿ ಡಂಪ್ಟಿ ಎಂಬ ಆಟದಲ್ಲಿ ಗುಂಡನ್ನು ಹೊಡೆದೆಬ್ಬಿಸುವ ಫ್ಲಿಪ್ಪರ್ ಬಂತು. ಮುಂದೆ ಬಂದ ಫ್ಲಿಪ್ಪರ್ ಕಾಯಿಲ್‌ಗಳಲ್ಲಿ ಎರಡು ಸುರುಳಿ ಇರುತ್ತಿತ್ತು: ಹೊಡೆಯಲು ಒಂದು, ಹೊಡೆದ ಮೇಲೆ ಹಿಡಿದು ನಿಲ್ಲಿಸಲು ಇನ್ನೊಂದು. ಫ್ಲಿಪ್ಪರ್ ತುದಿ ಮುಟ್ಟಿದಾಗ ಒಂದು ಚಿಕ್ಕ ಸ್ವಿಚ್ ತೆರೆದು ಎರಡನೆಯ ಸುರುಳಿಯನ್ನು ದಾರಿಗೆ ಸೇರಿಸಿ ಕರೆಂಟ್ ಇಳಿಸುತ್ತದೆ. ಆ ಸ್ವಿಚ್ ತೆರೆಯದಿದ್ದರೆ ಕಾಯಿಲ್ ಸುಡುತ್ತದೆ, ಅದರ ಮುಖ ಕೊಳೆಯಾಗಿದ್ದರೆ ಫ್ಲಿಪ್ಪರ್ ಸೋಲುತ್ತದೆ. ಹಳೆಯ ಪಿನ್‌ಬಾಲ್ ಉಳಿಸಿಕೊಂಡವರು ಇಂದಿಗೂ ವೈರಿಂಗ್ ನಕ್ಷೆ ಹರವಿಕೊಂಡು, ಒಂದೊಂದೇ ಕಾಂಟ್ಯಾಕ್ಟ್ ಅಳೆಯುತ್ತ ಕೂರುತ್ತಾರೆ. ಫ್ಯೂಸ್ ಹಾರಿದರೆ ದಪ್ಪ ಫ್ಯೂಸ್ ಹಾಕುವುದು ಅವರಲ್ಲಿ ಮಹಾಪರಾಧ. ಕೆಲಸ ಮುಗಿಸುವಷ್ಟರಲ್ಲೇ ಕಾಯಿಲಿನ ಕರೆಂಟ್ ಇಳಿಯದಿದ್ದರೆ ಅದು ಸುಡುತ್ತದೆ ಎಂಬ ನಿಯಮ ಶಿಕಾಗೋದ ಆಟದ ಪೆಟ್ಟಿಗೆಗೂ ಬಸವಾಪಟ್ಟಣದ ತೋಟದ ಸ್ಟಾರ್ಟರಿಗೂ ಸಮಾನ.

ನಮ್ಮಲ್ಲಿ ಆ ಮಹಾಪರಾಧಕ್ಕೆ 'ಡೈರೆಕ್ಟ್ ಮಾಡೋದು' ಎಂಬ ಸರಳ ಹೆಸರಿದೆ. ರಿಲೇ ಪದೇಪದೇ ಟ್ರಿಪ್ ಆಗುತ್ತಿದೆ ಎಂದು ಅದರ ಸ್ವಿಚ್ಚಿಗೆ ತಂತಿ ಸುತ್ತಿ ಬೈಪಾಸ್ ಮಾಡುವುದು, ಫ್ಯೂಸಿಗೆ ಅಲ್ಯೂಮಿನಿಯಂ ಎಳೆ ಹಾಕುವುದು, ಸಿಂಗಲ್ ಫೇಸ್ ಪ್ರಿವೆಂಟರ್ ಕಿತ್ತು ಮೂಲೆಗಿಡುವುದು. ನೀರು ಬೇಕೇ ಬೇಕಾದ ರೈತ ಹಾಗೆ ಮಾಡುವುದರ ಹಿಂದಿನ ಒತ್ತಡ ಅರ್ಥವಾಗುವಂಥದ್ದು. ಆದರೆ ಲೆಕ್ಕ ನೋಡಬೇಕು. ಓಡುತ್ತಿರುವ ಮೋಟಾರಿಗೆ ಒಂದು ಫೇಸ್ ಹೋದರೆ ಉಳಿದ ತಂತಿಗಳಲ್ಲಿ ಕರೆಂಟ್ ಸುಮಾರು 1.73 ಪಟ್ಟು ಏರುತ್ತದೆ. ಆರ್, ವೈ, ಬಿ ಎಂಬ ಮೂರು ಫೇಸುಗಳಲ್ಲಿ ಸ್ಟಾರ್ಟರಿನ ಕಾಯಿಲ್ ಆರ್ ಮತ್ತು ವೈ ನಡುವೆ ಇದ್ದು, ಹೋದದ್ದು ಬಿ ಫೇಸ್ ಆದರೆ ಕಾಂಟ್ಯಾಕ್ಟರಿಗೆ ಸುದ್ದಿಯೇ ಮುಟ್ಟುವುದಿಲ್ಲ, ಅದು ಹಿಡಿದೇ ಇರುತ್ತದೆ. ಆಗ ಮೋಟಾರನ್ನು ಉಳಿಸಬಲ್ಲದ್ದು ಓವರ್‌ಲೋಡ್ ರಿಲೇ ಮತ್ತು ಪ್ರಿವೆಂಟರ್ ಮಾತ್ರ. ಎರಡನ್ನೂ ತೆಗೆದಿಟ್ಟವನ ಮೋಟಾರ್ ರಾತ್ರಿ ಸುಟ್ಟರೆ ಗೊತ್ತಾಗುವುದು ಬೆಳಗ್ಗೆ.

ರಿಲೇ ಟ್ರಿಪ್ ಆಗುವುದಕ್ಕೆ ಕಾರಣ ಹುಡುಕಲು ಬೇಕಾದದ್ದು ಆಮ್ಮೀಟರ್, ಅಥವಾ ತಂತಿಗೆ ಕಚ್ಚಿಸಿ ಅಳೆಯುವ ಟಾಂಗ್ ಟೆಸ್ಟರ್. 5 ಎಚ್‌ಪಿ ಮೋಟಾರ್ ಸುಮಾರು 8 ಆಂಪಿಯರ್ ಆಸುಪಾಸು ಎಳೆಯುತ್ತದೆ, ಸರಿಯಾದ ಅಂಕಿ ಮೋಟಾರಿನ ತಗಡಿನ ಮೇಲೆ ಇರುತ್ತದೆ. ಮೂರೂ ತಂತಿಯಲ್ಲಿ ಅಂಕಿ ಹತ್ತಿರಹತ್ತಿರ ಇರಬೇಕು. ಮೂರರಲ್ಲೂ ಸಮನಾಗಿ ಏರಿದ್ದರೆ ವೋಲ್ಟೇಜ್ ನೋಡಬೇಕು, ಅದು ಸರಿಯಿದ್ದರೆ ಪಂಪಿನಲ್ಲಿ ಮರಳು ಸಿಕ್ಕಿರಬಹುದು, ಬುಷ್ ಸವೆದಿರಬಹುದು. ಒಂದರಲ್ಲಿ ಸೊನ್ನೆಯಾದರೆ ಫೇಸ್ ಹೋಗಿದೆ. ಮೂರರಲ್ಲೂ ಇಳಿದಿದ್ದರೆ ಖುಷಿ ಪಡುವಂತಿಲ್ಲ. ನೀರಿನ ಮಟ್ಟ ಕೆಳಗಿಳಿದು ಪಂಪ್ ಗಾಳಿ ತಿರುವುತ್ತಿದೆ. ಜಗಳೂರಿನಂಥ ಒಣ ಸೀಮೆಯಲ್ಲಿ ರೈತರು ಈ ಇಳಿಯುವ ಮುಳ್ಳನ್ನು ಚೆನ್ನಾಗಿ ಬಲ್ಲರು. ಡ್ರೈ ರನ್ ತಡೆಯುವ ಸಾಧನ ಇದೇ ಇಳಿಕೆಯನ್ನು ಗುರುತಿಸಿ ಮೋಟಾರ್ ನಿಲ್ಲಿಸುತ್ತದೆ.

ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರುವವರಿಗೆ ಒಂದು ಮಾತು. 10 ಎಚ್‌ಪಿ ಮೋಟಾರಿಗೆ ಲೈನಿನಲ್ಲಿ 15 ಆಂಪಿಯರ್ ಎಂದು ರಿಲೇಯನ್ನೂ 15ಕ್ಕೆ ತಿರುಗಿಸಿಡುವುದು ಸಾಮಾನ್ಯ. ಆದರೆ ಹೆಚ್ಚಿನ ಸ್ಟಾರ್ಟರ್‌ಗಳಲ್ಲಿ ರಿಲೇ ಕೂರುವುದು ಡೆಲ್ಟಾದ ಒಳಗೆ. ಅಲ್ಲಿ ಹರಿಯುವುದು ಲೈನ್ ಕರೆಂಟಿನ ಶೇಕಡಾ 58 ಮಾತ್ರ, ಅಂದರೆ 8.7 ಆಂಪಿಯರ್. 15ಕ್ಕೆ ಇಟ್ಟ ರಿಲೇ ಇದ್ದೂ ಇಲ್ಲದಂತೆ.

ಊರಿನ ಎಲ್ಲ ಮೋಟಾರುಗಳ ಆರೋಗ್ಯ ಒಂದೇ ಟಿಸಿಗೆ ಕಟ್ಟಿಕೊಂಡಿದೆ ಎಂಬುದು ಕರೆಂಟ್ ಬಂದ ಕೂಡಲೇ ಮೋಟಾರನ್ನು ತಾನೇ ಎಬ್ಬಿಸುವ ಆಟೋ ಸ್ಟಾರ್ಟರ್ ಬಂದ ಮೇಲೆ ಇನ್ನೂ ಸ್ಪಷ್ಟವಾಗಿದೆ. ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ಸರ್ಕಾರ ಹೇಳುವ ಲೆಕ್ಕ, ಅದು ರಾತ್ರಿ ಸರದಿಯಲ್ಲೂ ಬರುತ್ತದೆ. ನಿದ್ದೆಗೆಟ್ಟು ತೋಟಕ್ಕೆ ನಡೆಯುವ ಬದಲು ಆಟೋ ಹಾಕಿ ಮಲಗುವುದು ಸಹಜ. ಹಾವು, ಚಿರತೆಯ ಭಯವೂ ಇದೆ. ಈಗ 63 ಕೆವಿಎ ಟಿಸಿಯೊಂದನ್ನು ತೆಗೆದುಕೊಳ್ಳಿ. ಅದು ಒಂದು ಫೇಸಿಗೆ ಸುಮಾರು 84 ಆಂಪಿಯರ್ ಕೊಡಬಲ್ಲದು. 5 ಎಚ್‌ಪಿಯ ಎಂಟು ಮೋಟಾರ್ ಓಡುವಾಗ 64 ಆಂಪಿಯರ್, ಧಾರಾಳ. ಆದರೆ ಡೈರೆಕ್ಟ್ ಸ್ಟಾರ್ಟಿನಲ್ಲಿ ಮೋಟಾರ್ ಎದ್ದೇಳುವಾಗ ಆರು ಪಟ್ಟು ಕರೆಂಟ್ ಎಳೆಯುತ್ತದೆ. ಎಂಟೂ ಒಂದೇ ಕ್ಷಣಕ್ಕೆ ಎದ್ದರೆ 384 ಆಂಪಿಯರ್. ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಶೇಕಡಾ 80ಕ್ಕೆ ಇಳಿದರೆ ಮೋಟಾರಿನ ತಿರುಚುಬಲ ಶೇಕಡಾ 64ಕ್ಕೆ ಇಳಿಯುತ್ತದೆ, ಹಾಗಾಗಿ ಯಾವುದೂ ಬೇಗ ಎದ್ದೇಳದೆ ಎಲ್ಲವೂ ಹೆಚ್ಚು ಹೊತ್ತು ಹೆಚ್ಚು ಕರೆಂಟ್ ಎಳೆಯುತ್ತವೆ. ಫ್ಯೂಸ್ ಹಾರುತ್ತದೆ, ಹಾರದಂತೆ ದಪ್ಪ ತಂತಿ ಹಾಕಿದ್ದರೆ ಟಿಸಿಯೇ ಸುಡುತ್ತದೆ. ಪರಿಹಾರ ಕಷ್ಟದ್ದೇನಲ್ಲ. ಆಟೋ ಸ್ಟಾರ್ಟರಿನಲ್ಲಿ ತಡದ ಟೈಮರ್ ಇರುತ್ತದೆ. ಒಂದೇ ಟಿಸಿಯ ರೈತರು ಕೂತು, ಒಬ್ಬೊಬ್ಬರ ಟೈಮರನ್ನು ಬೇರೆಬೇರೆ ಹೊತ್ತಿಗೆ ಇಟ್ಟುಕೊಂಡರೆ ಸಾಕು.

ಕಂಬದ ಮೇಲೆ ರಿಪೇರಿ ನಡೆದ ಮರುದಿನ ನೀರು ಕಡಿಮೆಯಾದರೆ ಬಾವಿ ಬತ್ತಿತೆಂದು ಎದೆಗುಂದಬೇಕಾಗಿಲ್ಲ. ತಂತಿ ಜೋಡಿಸುವಾಗ ಎರಡು ಫೇಸ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಸಬ್‌ಮರ್ಸಿಬಲ್ ಪಂಪ್ ಉಲ್ಟಾ ತಿರುಗಿದರೂ ನೀರು ಬರುತ್ತದೆ, ಕಡಿಮೆ ಬರುತ್ತದೆ ಅಷ್ಟೇ. ಮೇನ್ ಇಳಿಸಿ, ಸ್ಟಾರ್ಟರಿನಿಂದ ಹೊರಡುವ ಯಾವುದಾದರೂ ಎರಡು ತಂತಿ ಬದಲಿಸಿ ಓಡಿಸಿ ನೋಡಬೇಕು. ಹೆಚ್ಚು ನೀರು ಬಂದ ಜೋಡಣೆಯೇ ಸರಿಯಾದದ್ದು.

ಹೊನ್ನಾಳಿ, ನ್ಯಾಮತಿ ಕಡೆ ತುಂಗಭದ್ರೆಯ ದಂಡೆಯಲ್ಲಿ ಪಂಪ್ ಇಟ್ಟವರಿಗೆ ಮಳೆಗಾಲದ ತೊಂದರೆ ಬೇರೆ. ನೆರೆ ನೀರು ಹೊಕ್ಕ ಮೇಲ್ಮೈ ಮೋಟಾರನ್ನು ನೀರಿಳಿದ ಕೂಡಲೇ ಓಡಿಸಬಾರದು. ಒಳಗೆ ತೇವವಿದ್ದಾಗ ಸುರುಳಿಗೂ ಕವಚಕ್ಕೂ ನಡುವಿನ ಇನ್ಸುಲೇಶನ್ ಸೋತಿರುತ್ತದೆ. ಬಿಚ್ಚಿ, ಬಿಸಿಲಿಗಿಟ್ಟು, ಒಳಗೆ ಬಲ್ಬ್ ಉರಿಸಿ ಒಣಗಿಸಿ, ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿದು ನೋಡಿದ ಮೇಲೆಯೇ ಕರೆಂಟ್ ಕೊಡಬೇಕು.

ಕೊಳವೆಬಾವಿಯ ಮೋಟಾರಿಗೂ ಮೆಗ್ಗರ್ ಪರೀಕ್ಷೆಯೇ ಕೊನೆಯ ತೀರ್ಪು. ಸ್ಟಾರ್ಟರಿನಲ್ಲಿ ಕೇಬಲ್ ಕಳಚಿ, ಒಂದೊಂದು ತಂತಿಗೂ ಭೂಮಿಗೂ ನಡುವೆ 500 ವೋಲ್ಟಿನ ಮೆಗ್ಗರ್ ಹಿಡಿಯುತ್ತಾರೆ. ಹೊಸ ಮೋಟಾರ್ ಹತ್ತಾರು ಮೆಗಾಓಮ್ ತೋರಿಸುತ್ತದೆ. 1 ಮೆಗಾಓಮ್‌ಗಿಂತ ಇಳಿದರೆ ಕೇಬಲ್ ಜಾಯಿಂಟಿಗೆ ಅಥವಾ ಸುರುಳಿಗೆ ನೀರು ಹೊಕ್ಕಿದೆ. ಆಗ ಮಾತ್ರ ಪೈಪ್ ಎತ್ತುವ ಮಾತು. ಈ ಪರೀಕ್ಷೆಯನ್ನು ಮೋಟಾರ್ ನಿಂತ ಮೇಲೆ ಮಾಡಿಸುವ ಬದಲು ಡಿಸೆಂಬರಿನಲ್ಲಿ, ಅಡಿಕೆ ಕೊಯ್ಲಿನ ಗಡಿಬಿಡಿ ಇಳಿದ ಮೇಲೆ, ತಾಲ್ಲೂಕಿನ ಯಾವುದಾದರೂ ರಿವೈಂಡಿಂಗ್ ಅಂಗಡಿಯವರನ್ನು ಕರೆಸಿ ಮಾಡಿಸಿಕೊಳ್ಳಬಹುದು. ಅಂಕಿಯನ್ನು ತಾರೀಕಿನ ಸಮೇತ ಸ್ಟಾರ್ಟರ್ ಬಾಗಿಲ ಒಳಭಾಗದಲ್ಲಿ ಬರೆದಿಡಬೇಕು, ಮೂರು ಫೇಸಿನ ಆಂಪಿಯರ್ ಕೂಡ. ಒಂದು ವರ್ಷ 20 ಮೆಗಾಓಮ್ ಇದ್ದದ್ದು ಮರುವರ್ಷ 2ಕ್ಕೆ ಬಂದಿದ್ದರೆ ಜಾಯಿಂಟ್ ಸೋರಲು ಶುರುವಾಗಿದೆ. ಬಾವಿಯಲ್ಲಿ ನೀರು ಮೇಲಿದ್ದು, ಆಳುಗಳೂ ಗಾಡಿಯೂ ಸುಲಭವಾಗಿ ಸಿಗುವ ಆ ತಿಂಗಳಲ್ಲೇ ಮೋಟಾರ್ ಎತ್ತಿ ಜಾಯಿಂಟ್ ಹೊಸದಾಗಿ ಕಟ್ಟಿಸಿದರೆ, ಮಾರ್ಚಿನಲ್ಲಿ ತೋಟ ನೀರಿಲ್ಲದೆ ನಿಲ್ಲುವುದಿಲ್ಲ.